ಕೊಂಬೆ ಚೆನ್ನಾಗಿ ಬಂದಿದೆ

ಹಕ್ಕಿಗಳೆಂದರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆಯುವುದರಿಂದ ಶುರುಮಾಡಿ ಮಾಟುಂಗದ ಹೋಟೆಲಿನ ಮ್ಯಾನೇಜರ್ ಕುರ್ಚಿಯವರೆಗೆ ಬಂದವನು ನಾನು. ನನ್ನ ಪಾಲಿಗೆ ಹಕ್ಕಿಯೆಂದರೆ ಎರಡೇ ಜಾತಿ: ಅಕ್ಕಿ ಮೂಟೆಗೆ ಬಾಯಿ ಹಾಕುವ ಗುಬ್ಬಿ, ಅಡುಗೆಮನೆಯ ಹಿಂಬಾಗಿಲಿನಿಂದ ವಡೆ ಹಾರಿಸಿಕೊಂಡು ಹೋಗುವ ಕಾಗೆ. ಎರಡನ್ನೂ ಓಡಿಸಲು ಬಾಗಿಲ ಸಂದಿಯಲ್ಲಿ ಒಂದು ಕೋಲು ಇರುತ್ತಿತ್ತು. ನನ್ನ ಹೆಂಡತಿಗೂ ಆಗ ಹಕ್ಕಿಗಳ ಹುಚ್ಚು ಇರಲಿಲ್ಲ. ಉಡುಪಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು ಮೊದಲು ಚಾಳಿನ ಒಂದು ಕೋಣೆಯಲ್ಲಿ, ಆಮೇಲೆ ಭಾಂಡುಪ್‌ನ ಬಿಲ್ಡಿಂಗಿನಲ್ಲಿ ಇದ್ದೊಬ್ಬ ಮಗಳನ್ನು ಬೆಳೆಸುತ್ತಾ, ಕಿಟಕಿಯ ಪಾರಿವಾಳಗಳಿಗೆ ಬೈಯುತ್ತಾ ಕಾಲ ಕಳೆದಿದ್ದಳು.

ಹುಚ್ಚು ಹತ್ತಿದ್ದು ಮಗಳ ಕ್ಯಾಮೆರಾದಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಗಳು ಆಸೆಪಟ್ಟು ಅದನ್ನು ಕೊಂಡಿದ್ದಳು. ನಾಲ್ಕು ದಿನ ಕುತ್ತಿಗೆಗೆ ಹಾಕಿಕೊಂಡು ತಿರುಗಿ, ಆಮೇಲೆ ಕಪಾಟಿನಲ್ಲಿಟ್ಟು ಮರೆತಳು. ಅವಳಿಗೆ ಮದುವೆಯಾಗಿ ಬೊರಿವಲಿಗೆ ಹೋದ ಮೇಲೆ ಕಪಾಟು ಖಾಲಿ ಮಾಡುವಾಗ ಅದು ನನ್ನ ಹೆಂಡತಿಯ ಕೈಗೆ ಸಿಕ್ಕಿತು. ಫೋನ್ ಮಾಡಿ ಕೇಳಿದರೆ, ನೀನೇ ಇಟ್ಕೋ ಅಮ್ಮ, ನನಗೆ ಮೊಬೈಲೇ ಬಸ್, ಸಾಕು ಎಂದಳು ಮಗಳು. ಕುಕ್ಕರಿನ ಸೀಟಿ ಎಣಿಸಲು ಮರೆಯುತ್ತಿದ್ದವಳು ಆ ಕ್ಯಾಮೆರಾದ ಗುಂಡಿಗಳನ್ನೆಲ್ಲ ಮೊಬೈಲಿನ ವಿಡಿಯೋ ನೋಡಿ ನೋಡಿಯೇ ಕಲಿತುಬಿಟ್ಟಳು. ತಾಯಿಯ ಉತ್ಸಾಹ ನೋಡಿ ಮಗಳು ಒಂದು ಹುಟ್ಟುಹಬ್ಬಕ್ಕೆ ಉದ್ದನೆಯ ಲೆನ್ಸನ್ನೂ ಕೊಡಿಸಿದಳು. ಅಲ್ಲಿಂದ ನನ್ನ ಭಾನುವಾರದ ನಿದ್ದೆಗೆ ಎಳ್ಳುನೀರು.

ಹೋಟೆಲಿನವನಿಗೆ ಬೇಗ ಏಳುವುದು ಹೊಸದಲ್ಲ ನಿಜ. ಆದರೆ ನಿವೃತ್ತನಾದ ಮೇಲೂ ನಸುಕಿನಲ್ಲಿ ಏಳಬೇಕೆಂದು ಯಾವ ಕರ್ಮ? ಗೊಣಗುತ್ತಲೇ ಎದ್ದು ಹೊರಡುತ್ತಿದ್ದೆ. ಸ್ಟೇಷನ್ನಿನ ಪೂರ್ವಕ್ಕೆ ದಾಟಿ, ಹೈವೇ ದಾಟಿ ಹೋದರೆ ಊರು ಇದ್ದಕ್ಕಿದ್ದ ಹಾಗೆ ಮುಗಿದು ಉಪ್ಪಿನ ಗದ್ದೆಗಳು, ಅವುಗಳಾಚೆ ಉಪ್ಪುನೀರಿನಲ್ಲೇ ಬೇರುಬಿಡುವ ಕಾಂಡ್ಲಾ ಗಿಡಗಳು, ಅದಕ್ಕೂ ಆಚೆ ಕಡಲು ಒಳಗೆ ಚಾಚಿಕೊಂಡ ಖಾಡಿಯ ಕೆಸರುನೀರು. ನಡುವೆ ಒಂದು ಮಣ್ಣಿನ ರಸ್ತೆ. ಅವಳು ಚೂಡಿದಾರದ ಮೇಲೆ ನನ್ನ ಹಳೆಯ ಅಂಗಿ ಹಾಕಿಕೊಂಡು, ತಲೆಗೆ ಟೋಪಿಯಿಟ್ಟು, ಕ್ಯಾಮೆರಾ ಎದೆಗವಚಿಕೊಂಡು ಮುಂದೆ. ಮೂರು ಕಾಲಿನ ಸ್ಟ್ಯಾಂಡ್, ಚಹಾದ ಫ್ಲಾಸ್ಕ್, ಕೂರಲು ಹಳೆಯ ಪೇಪರ್ ಹೊತ್ತುಕೊಂಡು ನಾನು ಹಿಂದೆ. ಒಂದು ಕಾಲದಲ್ಲಿ ಒಂದು ಕೂಗಿಗೆ ಇಡೀ ಹೋಟೆಲಿನ ಸಪ್ಲೈಯರ್‌ಗಳನ್ನು ನಿಲ್ಲಿಸುತ್ತಿದ್ದ ಮನುಷ್ಯನ ಸ್ಥಿತಿ ಇಲ್ಲಿಗೆ ಬಂದಿತ್ತು.

ಅಲ್ಲಿ ಅವಳಿಗೆ ಊರು ಕಾಣುತ್ತಿತ್ತಂತೆ. ನಮ್ಮ ಹೊಳೆ ಬದಿಯಲ್ಲಿಯೂ ಹೀಗೇ ಕಾಂಡ್ಲಾ ಇತ್ತಲ್ಲ, ಇದೇ ವಾಸನೆ ಅಲ್ಲವಾ ಎಂದು ಕೇಳುತ್ತಿದ್ದಳು. ನನಗೆ ಕಾಣುತ್ತಿದ್ದದ್ದು ದೂರದ ಟವರುಗಳು, ವಿದ್ಯುತ್ ಕಂಬಗಳು, ತೇಲುವ ಪ್ಲಾಸ್ಟಿಕ್ ಚೀಲಗಳು. ಅವುಗಳ ನಡುವೆಯೇ ಬೆಳ್ಳಕ್ಕಿ, ಮಿಂಚುಳ್ಳಿ, ಕೆಂಪು ಕಡ್ಡಿಯಂಥ ಕಾಲುಗಳ ಮೆಟ್ಟುಗಾಲು ಹಕ್ಕಿ. ಚಳಿಗಾಲ ಕಳೆಯುವಷ್ಟರಲ್ಲಿ ಖಾಡಿಯ ತುಂಬ ಗುಲಾಬಿ ರಾಜಹಂಸಗಳು. ಅವಳು ಒಂದು ಹಕ್ಕಿಯ ಮುಂದೆ ನಿಂತರೆ ನಿಂತೇ ಬಿಟ್ಟಳು. ನಾನು ಪೇಪರ್ ಹಾಸಿ ಕೂತು ಅದೇ ಪೇಪರನ್ನು ಅಂಚಿನಿಂದ ಅಂಚಿಗೆ ಓದಿ ಮುಗಿಸಿದರೂ ಅವಳು ಅಲುಗುತ್ತಿರಲಿಲ್ಲ.

ಇಷ್ಟೆಲ್ಲ ತಪಸ್ಸು ಮಾಡಿ ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಹಕ್ಕಿ ಹಾರಿಬಿಡುತ್ತಿತ್ತು. ಹಿಂದಿನ ಪುಟ್ಟ ಪರದೆಯಲ್ಲಿ ಹಕ್ಕಿ ಕೂತಿದ್ದ ಜಾಗ ಮಾತ್ರ ಇರುತ್ತಿತ್ತು. ನಾನು ಕನ್ನಡಕ ಏರಿಸಿಕೊಂಡು, ಬಹಳ ಗಂಭೀರವಾಗಿ ನೋಡಿ, "ಕೊಂಬೆ ಚೆನ್ನಾಗಿ ಬಂದಿದೆ" ಎನ್ನುತ್ತಿದ್ದೆ. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ಆಮೇಲಾಮೇಲೆ ಫೋಟೋ ಕೆಟ್ಟಾಗ ಅವಳೇ ಪರದೆಯನ್ನು ನನ್ನ ಕಡೆ ತಿರುಗಿಸಿ, ಹೇಳಿ, ಹೇಳಿಬಿಡಿ ಎಂದು ಕಾಯುತ್ತಿದ್ದಳು. ಹೇಳಿದ ಮೇಲೆ ನಕ್ಕು ಮುಂದೆ ಹೋಗುತ್ತಿದ್ದಳು. ಹಕ್ಕಿ ಸಿಗದ ದಿನಗಳಲ್ಲಿ ನಮಗೆ ಅದೇ ಒಂದು ಲಾಭ.

ಅವಳಿಗೆ ಒಂದು ಕಟ್ಟುನಿಟ್ಟಿತ್ತು. ಹಕ್ಕಿಯನ್ನು ಎಬ್ಬಿಸಬಾರದು. ಚಪ್ಪಾಳೆ ತಟ್ಟುವುದು, ಕಲ್ಲೆಸೆಯುವುದು, ಮೊಬೈಲಿನಲ್ಲಿ ಅದರ ಕೂಗು ಹಾಕಿ ಮೋಸದಿಂದ ಕರೆಯುವುದು, ಯಾವುದೂ ಕೂಡದು. ಒಮ್ಮೆ ಕಾದು ಕಾದು ಬೇಸತ್ತು ನಾನು ಕೆಮ್ಮಿದೆ. ಕೆಮ್ಮು ಬಂದಿರಲಿಲ್ಲವೆಂದು ಅವಳಿಗೆ ಗೊತ್ತಾಯಿತು. "ಅದು ಅದರ ಮನೆ ಮಾರಾಯ್ರೆ. ನಾವು ಹೋಗಿ ಬಾಗಿಲು ಬಡಿಯುವುದು ಎಂತಕ್ಕೆ?" ಎಂದಳು. ಇನ್ನೊಮ್ಮೆ ನಮ್ಮ ಪಕ್ಕದಲ್ಲೇ ದೊಡ್ಡ ದೊಡ್ಡ ಲೆನ್ಸುಗಳ ನಾಲ್ಕೈದು ಮಂದಿ ನಿಂತಿದ್ದರು. ರಾಜಹಂಸಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ಹಾರುವ ಫೋಟೋ ಬೇಕೆಂದು ಅವರಲ್ಲೊಬ್ಬ ಕಲ್ಲೆತ್ತಿ ನೀರಿಗೆ ಬೀಸಿದ. ಇಡೀ ಹಿಂಡು ಎದ್ದಿತು. ಅವರ ಕ್ಯಾಮೆರಾಗಳು ಟಕಟಕ ಎಂದವು. ಮೀನು ಮಾರುವವಳ ಹತ್ತಿರ ಚೌಕಾಸಿ ಮಾಡಲೂ ನಾಚುತ್ತಿದ್ದ ನನ್ನ ಹೆಂಡತಿ ಅವರ ಮಧ್ಯೆ ಹೋಗಿ ನಿಂತು ತನ್ನ ಹರಕು ಹಿಂದಿಯಲ್ಲಿ ಜಾಡಿಸಿದ್ದನ್ನು ನೋಡಿ ನಾನು ಸ್ಟ್ಯಾಂಡ್ ಹಿಡಿದುಕೊಂಡು ಹಿಂದೆಯೇ ನಿಂತೆ. ನಿಮ್ಮ ಮಕ್ಕಳು ಊಟಕ್ಕೆ ಕೂತಾಗ ಯಾರಾದರೂ ಕಲ್ಲೆಸೆದರೆ ಫೋಟೋ ತೆಗೆಯುತ್ತೀರಾ ಎಂಬುದು ಅವಳ ಮಾತಿನ ಸಾರ. ಅವರು ಸಾರಿ ಆಂಟಿ ಎಂದು ಜಾಗ ಬಿಟ್ಟರು.

ಎಲ್ಲ ಹಕ್ಕಿ ಸಿಕ್ಕರೂ ಅವಳಿಗೆ ಗೂಬೆ ಸಿಗಲಿಲ್ಲ. ಗೂಬೆಯನ್ನು ಹುಡುಕುವ ಉಪಾಯವೇನೋ ಅವಳಿಗೆ ಗೊತ್ತಿತ್ತು. ಕಾಗೆಗಳು ಸುಮ್ಮಸುಮ್ಮನೆ ಬೊಬ್ಬೆ ಹಾಕುವುದಿಲ್ಲ, ಹತ್ತಾರು ಕಾಗೆ ಸೇರಿ ಒಂದೇ ಮರಕ್ಕೆ ಮುಖ ಮಾಡಿ ಕಿರುಚುತ್ತಿದ್ದರೆ ಅದರೊಳಗೆ ಗೂಬೆ ಇದೆ ಎಂದೇ ಅರ್ಥ ಎಂದು ನನಗೆ ಕಲಿಸಿದ್ದಳು. ಹಗಲು ಹೊತ್ತು ಗೂಬೆ ಹೊರಗೆ ಕಂಡರೆ ಕಾಗೆಗಳಿಗೆ ಅನ್ನನೀರು ಬೇಡ. ಅಂಥ ಬೊಬ್ಬೆ ಕೇಳಿದರೆ ಅವಳು ಚಹಾದ ಲೋಟವನ್ನು ನನ್ನ ಕೈಗೆ ತುರುಕಿ ಓಡುತ್ತಿದ್ದಳು. ನಾವು ಮುಟ್ಟುವಷ್ಟರಲ್ಲಿ ಗೂಬೆ ಎಲೆಗಳೊಳಗೆ ಸೇರಿರುತ್ತಿತ್ತು, ಇಲ್ಲವೇ ಒಂದು ಬಿಳಿ ರೆಕ್ಕೆ ಗೋಡೆಯಾಚೆ ಇಳಿಯುತ್ತಿತ್ತು. ಮತ್ತೆ ಕೊಂಬೆ. ಬೆಳಗಾಗೆದ್ದು ಗೂಬೆಯ ಮುಖ ಹುಡುಕಿಕೊಂಡು ಹೋಗುವವರನ್ನು ಎಲ್ಲಿಯೂ ಕಂಡಿಲ್ಲ, ಮನೆಗೆ ಒಳ್ಳೆಯದಲ್ಲ ಎಂದು ನಾನು ತಡೆದದ್ದುಂಟು. "ಇಷ್ಟು ವರ್ಷ ಎದ್ದ ಕೂಡಲೇ ನಿಮ್ಮ ಮುಖ ನೋಡ್ತಾ ಇಲ್ವಾ, ನನಗೆ ಎಂತ ಆಗಿದೆ?" ಎಂದು ಅವಳು ಬಾಯಿ ಮುಚ್ಚಿಸಿದಳು.

ಭಾನುವಾರ ಮಧ್ಯಾಹ್ನ ಮನೆಗೆ ಬಂದ ಕೂಡಲೇ ಒಂದು ಫೋಟೋ ಮಗಳ ಮೊಬೈಲಿಗೆ ಹೋಗಬೇಕು. ಕೆಳಗೆ, ಮುಂದಿನ ವಾರ ನೀನೂ ಬಾ ಎಂಬ ಸಾಲು. ನೆಕ್ಸ್ಟ್ ಸಂಡೇ ಪಕ್ಕಾ ಎಂದು ಮಗಳು ಉತ್ತರ ಹಾಕುತ್ತಿದ್ದಳು. ಬರಲಿಲ್ಲ. ಅವಳದ್ದೂ ತಪ್ಪೆನ್ನಲಾರೆ. ವಾರವಿಡೀ ಲೋಕಲ್‌ನಲ್ಲಿ ನೇತಾಡಿ ಆಫೀಸಿಗೆ ಹೋಗಿಬರುವವಳಿಗೆ ಇದ್ದದ್ದೊಂದೇ ರಜೆ. ಆಮೇಲೆ ಮಗುವೂ ಆಯಿತು. ಅವಳ ಉತ್ತರಗಳು ಬರಬರುತ್ತ ಬರಿಯ ಹೆಬ್ಬೆರಳಿನ ಚಿತ್ರಕ್ಕೆ ಇಳಿದವು. ನನ್ನ ಹೆಂಡತಿ ಮಾತ್ರ ಆ ಸಾಲನ್ನು ಬರೆಯುವುದು ಬಿಡಲಿಲ್ಲ.

ಮೊಮ್ಮಗಳ ಮೊದಲ ಹುಟ್ಟುಹಬ್ಬ ಒಂದು ಭಾನುವಾರವೇ ಬಂತು. ಮಧ್ಯಾಹ್ನಕ್ಕೆ ಕೇಕ್, ಊಟ. ಬೆಳಿಗ್ಗೆ ಉಬ್ಬರ ಚೆನ್ನಾಗಿದೆ, ಹಕ್ಕಿಗಳು ದಡದ ಹತ್ತಿರ ಬಂದಿರುತ್ತವೆ, ಬೇಗ ಹೋಗಿ ಬೇಗ ಬರುವ ಎಂದಳು ಇವಳು. ಮಗುವಿನ ಕೋಣೆಯಲ್ಲಿ ಹಾಕಲು ಒಂದು ಒಳ್ಳೆಯ ರಾಜಹಂಸದ ಫೋಟೋ ಕೊಡಬೇಕೆಂಬ ಆಸೆ ಅವಳಿಗೆ. ಒಳ್ಳೆಯ ಫೋಟೋವೇ ಸಿಕ್ಕಿತು. ಮನೆಗೆ ಬಂದು, ಸ್ನಾನ ಮಾಡಿ, ಸೀರೆಯುಟ್ಟು ಸ್ಟೇಷನ್ನಿಗೆ ಹೋದರೆ ಮೆಗಾ ಬ್ಲಾಕ್. ಮುಂಬಯಿಯಲ್ಲಿ ಭಾನುವಾರ ಹಳಿ ರಿಪೇರಿಗೆಂದು ಗಾಡಿಗಳನ್ನು ತಡೆಯುತ್ತಾರೆಂಬುದು ನೆಲ ಒರೆಸುವವಳಿಗೂ ಗೊತ್ತು. ಹಕ್ಕಿಯ ಸಂಭ್ರಮದಲ್ಲಿ ನಾವಿಬ್ಬರೂ ಮರೆತಿದ್ದೆವು. ಬಂದ ಒಂದು ಲೋಕಲ್ ದಾರಿಯಲ್ಲೇ ನಿಂತಿತು. ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಲೈನಿನ ಗಾಡಿ ಹಿಡಿದು ಬೊರಿವಲಿಯ ಮನೆ ಸೇರಿದಾಗ ಬಲೂನುಗಳು ಗಾಳಿ ಬಿಟ್ಟಿದ್ದವು. ಮಗು ಅತ್ತು ಅತ್ತು ನಿದ್ದೆ ಹೋಗಿತ್ತು. ಅಳಿಯನ ಕಡೆಯವರು ಕೈ ತೊಳೆದು ಕೂತಿದ್ದರು.

ಮಗಳು ಅವರೆದುರಿಗೆ ಏನೂ ಹೇಳಲಿಲ್ಲ. ನಮ್ಮಿಬ್ಬರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಹೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡುವಾಗ ತಡವರಿಸುತ್ತಾಳೆ. ಅವತ್ತು ತಡವರಿಸಲಿಲ್ಲ.

"ಅಮ್ಮ, ನಿನಗೆ ಆ ಪಕ್ಷಿಗಳೇ ಫ್ಯಾಮಿಲಿ. ನಾವು ಟೈಮ್‌ಪಾಸ್. ಆ ಕ್ಯಾಮೆರಾ ನಿನಗೆ ಕೊಟ್ಟಿದ್ದೇ ನನ್ನ ಗಲತಿ."

ನನ್ನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಪಾತ್ರೆ ತೊಳೆಯಲು ನಿಂತಳು. ಫೋಟೋದ ಮಾತೇ ಎತ್ತಲಿಲ್ಲ. ವಾಪಸು ಬರುವಾಗ ಗಾಡಿ ಖಾಲಿಯಿತ್ತು, ಕಿಟಕಿ ಬದಿಯೇ ಸಿಕ್ಕಿತು. ಮೆಗಾ ಬ್ಲಾಕಿಗೆ ನಾವೇನು ಮಾಡಲಿಕ್ಕಾಗುತ್ತದೆ ಎಂದು ನಾನು ಸಮಾಧಾನ ಹೇಳಲು ಹೊರಟೆ. "ಅವಳು ಹೇಳಿದ್ದರಲ್ಲಿ ತಪ್ಪೆಂತ ಉಂಟು?" ಎಂದಳು. ಮನೆಗೆ ಬಂದವಳೇ ಕ್ಯಾಮೆರಾವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಅಟ್ಟಕ್ಕೆ ಇಟ್ಟಳು.

ಆಮೇಲಿನ ಭಾನುವಾರಗಳಲ್ಲಿ ನನಗೆ ಬೇಕಾದಷ್ಟು ನಿದ್ದೆ ಮಾಡಬಹುದಿತ್ತು. ಆದರೆ ನಸುಕಿನಲ್ಲೇ ಎಚ್ಚರವಾಗುತ್ತಿತ್ತು. ಅವಳೂ ಎದ್ದಿರುತ್ತಿದ್ದಳು. ಹೋಗುವನಾ ಎಂದು ನಾನೇ ಕೇಳಿದೆ, ಮೊದಲ ಸಲ ನಾನಾಗಿ ಕೇಳಿದ್ದು. ಬೇಡ, ಅವಳು ಫೋನ್ ಮಾಡಿದರೆ ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ ಎಂದಳು. ಮಗಳ ಫೋನ್ ಬರಲಿಲ್ಲ. ಇವಳೂ ಮಾಡಲಿಲ್ಲ. ಇಬ್ಬರದ್ದೂ ಒಂದೇ ಮೂಗು, ಒಂದೇ ಹಠ. ಒಂದು ಬೆಳಿಗ್ಗೆ ದೋಸೆಯ ಮೊದಲ ತುಂಡನ್ನು ರೂಢಿಯಂತೆ ಕಿಟಕಿಯ ಕಾಗೆಗೆ ಇಟ್ಟು ಬಂದವಳು ಎದೆ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತಳು. ರಿಕ್ಷಾದಲ್ಲಿ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಅವಳ ಕೈ ನನ್ನ ಕೈಯಲ್ಲಿ ತಣ್ಣಗಾಯಿತು. ಒಲೆ ಆರಿಸಿದ್ದೀರಾ ಎಂದು ಕೇಳಿದ್ದೇ ಕೊನೆಯ ಮಾತು. ಆರಿಸಿರಲಿಲ್ಲ.

ಹತ್ತನೆಯ ದಿನದ ಕ್ರಿಯೆಗೆ ಮುಲುಂಡ್ ಆಚೆಯ ಒಂದು ಕೆರೆಯ ದಂಡೆಗೆ ಹೋದೆವು. ಅಲ್ಲಿ ದೇವಸ್ಥಾನದ ಹಿಂದೆ ಇಂಥದ್ದಕ್ಕೆಂದೇ ಕಟ್ಟಿದ ಕಲ್ಲಿನ ಕಟ್ಟೆಯಿದೆ. ಮಾಟುಂಗದಿಂದ ಭಟ್ಟರು ಬಂದಿದ್ದರು. ನನ್ನ ಅಕ್ಕ ಬಂದಿದ್ದಳು. ಹೆಂಡತಿಯ ತಮ್ಮ, ಗ್ರಾಂಟ್ ರೋಡಿನಲ್ಲಿ ಹೋಟೆಲ್ ನಡೆಸುವವನು, ಹೋಟೆಲಿಗೆ ಅರ್ಧ ದಿನ ಬಾಗಿಲು ಹಾಕಿ ಬಂದಿದ್ದ. ಊರಿನಲ್ಲಾದರೆ ಇಂಥ ಜಾಗಕ್ಕೆ ಹೆಣ್ಣುಮಕ್ಕಳು ಬರುವುದಿಲ್ಲ, ಮುಂಬಯಿಯಲ್ಲಿ ಯಾರೂ ಕೇಳುವುದಿಲ್ಲ. ಮಗಳು ಬಂದು ಒಂದು ಬದಿಯಲ್ಲಿ ನಿಂತಿದ್ದಳು. ಅಷ್ಟೂ ದಿನ ಅವಳು ನನಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಸಾವಿನ ಮನೆಗೆ ಬಂದವರಿಗೆಲ್ಲ ಚಹಾ ಮಾಡಿಕೊಟ್ಟು, ಪಾತ್ರೆ ತೊಳೆದು, ಮತ್ತೆ ಚಹಾ ಮಾಡಿದ್ದಳು.

ಒದ್ದೆ ಪಂಚೆಯಲ್ಲಿ ಕೂತು ಭಟ್ಟರು ಹೇಳಿದಂತೆಲ್ಲ ಮಾಡಿದೆ. ಎಳ್ಳು ಬಿಟ್ಟೆ, ನೀರು ಬಿಟ್ಟೆ. ಬಾಳೆಲೆಯ ಮೇಲೆ ಪಿಂಡವಿಟ್ಟು ಎಲ್ಲರೂ ಹಿಂದೆ ಸರಿದೆವು. ಕಾಗೆ ಬಂದು ಪಿಂಡ ಮುಟ್ಟಬೇಕು. ಮುಟ್ಟಿದರೆ ಸತ್ತವರ ಜೀವಕ್ಕೆ ತೃಪ್ತಿಯಾಗಿದೆ ಎಂದು ಲೆಕ್ಕ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ, ಯಾರ ಮೇಲೋ ಮನಸ್ಸು ಮುನಿದಿದೆ ಎಂದು ಲೆಕ್ಕ. ಆಗ ಹತ್ತಿರದವರು ಆ ಆಸೆಯನ್ನು ನಡೆಸಿಕೊಡುತ್ತೇವೆಂದು ಅಲ್ಲೇ ನಿಂತು ಮಾತು ಕೊಡಬೇಕು. ಅಕ್ಕನಿಗೆ ಚಿಂತೆಯೇ ಇರಲಿಲ್ಲ. ದಿನಾ ಬೆಳಿಗ್ಗೆ ಕಾಗೆಗೆ ಹಾಕಿದವಳು, ಕಾಗೆಗಳೆಲ್ಲ ಅವಳ ಗುರುತಿನವೇ, ಈಗ ಬರುತ್ತವೆ ನೋಡು ಎಂದಳು.

ಒಂದೂ ಬರಲಿಲ್ಲ.

ಭಟ್ಟರು ಕಾ ಕಾ ಎಂದು ಕರೆದರು. ಭಾವಮೈದ ಕರೆದ. ಮುಂಬಯಿಯಲ್ಲಿ ಕಾಗೆಗೆ ಬರಗಾಲವೆಂದು ಯಾರಾದರೂ ಕೇಳಿದ್ದುಂಟಾ? ಬಿಸಿಲೇರಿ ಪಿಂಡದ ಮೇಲ್ಭಾಗ ಒಣಗತೊಡಗಿತು. ನಿಜ ಹೇಳಬೇಕೆಂದರೆ ನನಗೇನೂ ಅವಸರವಿರಲಿಲ್ಲ. ಕಾಗೆ ಮುಟ್ಟಿದ ಕೂಡಲೇ ಎಲ್ಲರೂ ಕೈ ಮುಗಿದು, ಪಾತ್ರೆ ಪರಡಿ ಕಟ್ಟಿಕೊಂಡು ಮನೆಗೆ ಹೊರಡುತ್ತಾರೆ, ಅಲ್ಲಿಗೆ ಅವಳು ಹೋದ ಹಾಗೆ. ಇನ್ನೂ ಸ್ವಲ್ಪ ಹೊತ್ತು ಬಾರದೇ ಇರಲಿ ಎಂದೇ ನನ್ನ ಮನಸ್ಸಿನಲ್ಲಿತ್ತು.

ಭಟ್ಟರು, ಏನಾದರೂ ಆಸೆ ಇತ್ತಾ ನೋಡಿ, ಹೇಳಿಬಿಡಿ ಎಂದರು. ಊರಿನ ನಾಗಬನದಲ್ಲಿ ಅವಳ ಹೆಸರಿನಲ್ಲಿ ಪೂಜೆ ಮಾಡಿಸುತ್ತೇನೆ ಎಂದಳು ಅಕ್ಕ. ಭಾವನನ್ನು ಒಂಟಿಯಾಗಿ ಬಿಡುವುದಿಲ್ಲ, ನಾನು ನೋಡಿಕೊಳ್ಳುತ್ತೇನೆ ಎಂದು ಭಾವಮೈದ ಕಟ್ಟೆಗೆ ಕೈ ಮುಗಿದ. ಏನೂ ಆಗಲಿಲ್ಲ. ಆಗ ಎಲ್ಲರ ಕಣ್ಣೂ ಮಗಳ ಕಡೆ ತಿರುಗಿತು. ಹುಟ್ಟುಹಬ್ಬದ ದಿನದ ಮಾತು ಯಾರಿಗೂ ಗೊತ್ತಿರಲಿಲ್ಲ. ಆದರೂ ತಾಯಿ ಮಗಳು ಮಾತು ಬಿಟ್ಟಿದ್ದರೆಂಬ ವಾಸನೆ ಎಲ್ಲರಿಗೂ ಇತ್ತು. ಮಗಳು ಚಪ್ಪಲಿ ಬಿಟ್ಟು ಮುಂದೆ ಬಂದಳು. ಎಲೆಯ ಮುಂದೆ ಮೊಣಕಾಲೂರಿ ಕೂತಳು.

"ಅಮ್ಮ, ನಾನು ಬರ್ತೇನೆ. ನೆಕ್ಸ್ಟ್ ಸಂಡೇ ಪಕ್ಕಾ ಬರ್ತೇನೆ. ಈ ಸಲ ಸಚ್ಚಿ."

ನಾವು ಕಾದೆವು. ಎಲೆಯ ಮೇಲೆ ಒಂದು ನೊಣ ಬಂದು ಕೂತಿತು. ಮಗಳು ಅಲ್ಲೇ ಕುಸಿದು, ಹತ್ತು ದಿನ ಅಳದೇ ಉಳಿಸಿದ್ದನ್ನೆಲ್ಲ ಅತ್ತಳು. ಅಮ್ಮನಿಗೆ ಇನ್ನೂ ನನ್ನ ಮೇಲೆ ಗುಸ್ಸಾ ಇದೆ, ಅದಕ್ಕೇ ಬರುತ್ತಿಲ್ಲ ಎಂದು ಅದನ್ನೇ ಹೇಳಿ ಹೇಳಿ ಅತ್ತಳು. ಅಕ್ಕ ಹಿಡಿದೆತ್ತಲು ಹೋದರೆ ಏಳಲಿಲ್ಲ. ಈ ಮಗು ಇನ್ನು ಬದುಕಿಡೀ ಇದನ್ನು ಹೊತ್ತುಕೊಂಡು ತಿರುಗುತ್ತದೆ ಎಂದು ಭಯವಾಯಿತು. ಹಾಳು ಕಾಗೆಗಳು, ಎಲ್ಲಿ ಸತ್ತವು ಎಂದು ಸಿಟ್ಟಿನಿಂದ ತಲೆಯೆತ್ತಿದೆ.

ಆಗ ಕೇಳಿಸಿತು. ಅಷ್ಟು ಹೊತ್ತೂ ಕೇಳುತ್ತಲೇ ಇತ್ತು, ಮಂತ್ರದ, ದೇವಸ್ಥಾನದ ಮೈಕಿನ ಗದ್ದಲದಲ್ಲಿ ನಾನು ಗಮನ ಕೊಟ್ಟಿರಲಿಲ್ಲ. ಕೆರೆಯ ಆಚೆ ಮೂಲೆಯಲ್ಲಿ, ಮುರಿದ ಗೋಡೆಯ ಪಕ್ಕದ ಆಲದ ಮರದ ಸುತ್ತ ಕಾಗೆಗಳ ಬೊಬ್ಬೆ. ಈ ಕಡೆಯ ಕಾಗೆ, ಆ ಕಡೆಯ ಕಾಗೆ, ಆಸುಪಾಸಿನ ಕಾಗೆಗಳೆಲ್ಲ ಅಲ್ಲೇ ಇದ್ದವು. ಎಲ್ಲವೂ ಒಂದೇ ಕಡೆಗೆ ಮುಖ ಮಾಡಿ ಕಿರುಚುತ್ತಿದ್ದವು.

ನಾನು ಎದ್ದು ಒದ್ದೆ ಪಂಚೆಯಲ್ಲೇ ಆ ಕಡೆ ನಡೆದೆ. ಭಟ್ಟರು ಏನೋ ಕೂಗಿದರು. ಸ್ವಲ್ಪ ದೂರದಲ್ಲಿ ಕಾಲಿನ ವೇಗ ತಾನಾಗಿ ತಗ್ಗಿತು, ಕಾಲು ಒಣಗಿದೆಲೆ ತಪ್ಪಿಸಿ ಇಟ್ಟಿತು. ಅವಳ ಹಿಂದೆ ನಡೆದು ನಡೆದು ಬಂದ ಅಭ್ಯಾಸ. ಆಲದ ಕೆಳಗಿನ ಬೋಳು ಕೊಂಬೆಯ ಮೇಲೆ, ತುಂಬು ಬಿಸಿಲಿನಲ್ಲಿ, ಯಾವ ಎಲೆಯ ಮರೆಯೂ ಇಲ್ಲದೆ ಕಣಜದ ಗೂಬೆ ಕೂತಿತ್ತು. ಬಿಳಿಯ ಅಗಲ ಮುಖ, ಅರ್ಧ ಮುಚ್ಚಿದ ಕಣ್ಣು. ಕಾಗೆಗಳು ರೇಗಿಸಿ ಪೊಟರೆಯಿಂದ ಎಬ್ಬಿಸಿದ್ದಿರಬೇಕು. ವರ್ಷಗಟ್ಟಲೆ ಓಡಿಸಿ ಆಟವಾಡಿಸಿದ್ದು ಇವತ್ತು ಆರಾಮಾಗಿ ನನ್ನೆದುರಿಗೆ ಕೂತಿದೆ. ಈಗ ಬಂದೆಯಾ ಎಂದು ಅದಕ್ಕೆ ಮನಸ್ಸಿನಲ್ಲೇ ಬೈದೆ. ನನ್ನ ಕೈ ಹೆಗಲ ಮೇಲಿಲ್ಲದ ಸ್ಟ್ಯಾಂಡನ್ನು ಇಳಿಸಲು ಹೋಯಿತು.

ಹಿಂದೆಯೇ ಬಂದ ಭಾವಮೈದನಿಗೂ ವಿಷಯ ತಿಳಿಯಿತು. ಛೆ, ಕ್ರಿಯೆಯ ದಿನವೇ ಇದರ ಮುಖ ನೋಡಬೇಕಾ ಎಂದು ಅವನು ಬಗ್ಗಿ ಒಂದು ಮಣ್ಣಿನ ಹೆಂಟೆ ಎತ್ತಿದ. ಅದು ಹಾರಿ ಹೋದರೆ ಕಾಗೆಗಳು ಪಿಂಡಕ್ಕೆ ಬರುತ್ತವೆ. ಲೆಕ್ಕ ಸರಿಯಾಗಿಯೇ ಇತ್ತು. ಒಂದು ಹೆಂಟೆ ಎಸೆದರೆ ಸಾಕು, ಮಗಳ ಅಳು ನಿಲ್ಲುತ್ತಿತ್ತು. ನಾನು ಅವನ ಮುಂಗೈ ಹಿಡಿದೆ.

"ಬೇಡ ಮಾರಾಯಾ. ನಿನ್ನ ಅಕ್ಕನಿಗೆ ಆಗುವುದಿಲ್ಲ."

ಅವನು ನನ್ನ ಮುಖ ನೋಡಿದ. ದುಃಖದಲ್ಲಿ ಭಾವನ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಅಕ್ಕನ ಪಿಂಡಕ್ಕಿಂತ ಗೂಬೆ ಹೆಚ್ಚಾಯಿತಾ ಎಂದು ಕೇಳಿದ. ನಾನು ಅವನ ಕೈ ಬಿಡಲಿಲ್ಲ. ಕೊನೆಗೆ ಅವನೇ ಹೆಂಟೆಯನ್ನು ಕೆಳಗೆ ಹಾಕಿ ಹೋಗಿ ಭಟ್ಟರಿಗೆ ಹೇಳಿದ. ಭಟ್ಟರಿಗೆ ಮಾಟುಂಗದಲ್ಲಿ ಮತ್ತೊಂದು ಕಡೆ ಮಧ್ಯಾಹ್ನದ ಪೂಜೆಯಿತ್ತು. ಕಾಗೆ ಬಾರದಿದ್ದಾಗ ಮಾಡುವ ಕ್ರಮ ಅವರಲ್ಲೂ ಇತ್ತು. ದರ್ಭೆಯನ್ನು ಮಡಚಿ ಗಂಟು ಹಾಕಿ ಕಾಗೆಯ ಆಕಾರ ಮಾಡಿದರು. ನಾನು ಹೋಗಿ ಆ ಹುಲ್ಲಿನ ಕಾಗೆಯಿಂದ ಪಿಂಡವನ್ನು ಮುಟ್ಟಿಸಿದೆ. ಆಯಿತು ಎಂದರು ಭಟ್ಟರು. ಅಕ್ಕ ಮುಖ ಆಚೆ ತಿರುಗಿಸಿಕೊಂಡಳು. ಆ ದಿನದ ಬೇಸರ ಅವಳಿಗೆ ನನ್ನ ಮೇಲೆ ಇನ್ನೂ ಹೋಗಿಲ್ಲ.

ಉಳಿದವರು ಪಾತ್ರೆ ಕಟ್ಟುವಾಗ ನಾನು ಮಗಳ ಕೈ ಹಿಡಿದು ಆಲದ ಮರದ ಹತ್ತಿರ ಕರೆದುಕೊಂಡು ಹೋದೆ. ಮೆಲ್ಲಗೆ ಬಾ, ಮಾತಾಡಬೇಡ ಎಂದೆ. ಚಿಕ್ಕವಳಿದ್ದಾಗಲೂ ಇಷ್ಟು ಹೇಳಿದ್ದನ್ನು ಕೇಳಿದವಳಲ್ಲ, ಅವತ್ತು ಕೇಳಿದಳು. ಕೊಂಬೆಯ ಕಡೆ ಬೆರಳು ತೋರಿಸಿದೆ. ಗೂಬೆಯನ್ನು ಕಂಡು ಅವಳ ಬಾಯಿ ತೆರೆದೇ ಉಳಿಯಿತು. ಇಷ್ಟು ಹತ್ತಿರದಿಂದ ಅವಳು ಅದನ್ನು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಕಣ್ಣು ಮರದ ಮೇಲಿಟ್ಟೇ ಪಿಸುದನಿಯಲ್ಲಿ ಕೇಳಿದಳು.

"ಪಪ್ಪ, ಸಚ್ ಹೇಳಿ. ಅಮ್ಮನಿಗೆ ಗುಸ್ಸಾ ಇತ್ತಾ?"

ಅಟ್ಟದ ಮೇಲಿಟ್ಟ ಕ್ಯಾಮೆರಾ ಕಣ್ಣ ಮುಂದೆ ಬಂತು. ನಸುಕಿನಲ್ಲೆದ್ದು ಫೋನಿನ ಪಕ್ಕ ಕೂರುತ್ತಿದ್ದವಳು ಕಂಡಳು. ಅದನ್ನು ಅವತ್ತು ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ, ನಾನಿರುವವರೆಗೆ ಹೇಳುವುದೂ ಇಲ್ಲ.

"ಗುಸ್ಸಾ ಎಂತದು? ಕಾಗೆಗಳು ಇದನ್ನು ನೋಡಲಿಕ್ಕೆ ಇಲ್ಲಿ ನಿಂತದ್ದು, ಅಷ್ಟೇ. ನಿನ್ನ ಅಮ್ಮ ಇದ್ದಿದ್ದರೂ ಪಿಂಡ ಗಿಂಡ ಎಲ್ಲ ಅಲ್ಲೇ ಬಿಟ್ಟು ಇಲ್ಲಿಗೇ ಓಡಿ ಬರ್ತಿದ್ದಳು."

ಮಗಳು ನಕ್ಕಳೋ ಅತ್ತಳೋ, ಎರಡೂ ಒಟ್ಟಿಗೆ ಬಂತು. ಮೂಗೊರೆಸಿಕೊಂಡು ಮೊಬೈಲ್ ತೆಗೆದಳು. ಎರಡು ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಒಂದು ಕಾಲು ಮುಂದಿಟ್ಟು ನಿಂತಳು. ನಿಂತ ರೀತಿ ಥೇಟ್ ಅವಳ ತಾಯಿಯದೇ. ಗುಂಡಿ ಒತ್ತುವುದಕ್ಕೂ ಒಂದು ಕಾಗೆ ಮೇಲೆ ಎರಗುವುದಕ್ಕೂ ಸರಿಹೋಯಿತು. ಗೂಬೆ ಸದ್ದಿಲ್ಲದೆ ರೆಕ್ಕೆ ಬಿಚ್ಚಿ ಗೋಡೆಯಾಚೆಗೆ ಇಳಿಯಿತು. ಕಾಗೆಗಳೆಲ್ಲ ಅದರ ಹಿಂದೆ ಹೋದವು. ಕೆರೆಯ ದಂಡೆ ಒಮ್ಮೆಲೇ ಖಾಲಿಯಾಯಿತು.

ಬಂತಾ ನೋಡಿ ಪಪ್ಪ ಎಂದು ಅವಳು ಮೊಬೈಲನ್ನು ನನ್ನ ಕಡೆ ತಿರುಗಿಸಿದಳು. ನಾನು ಕನ್ನಡಕ ಏರಿಸಿಕೊಂಡೆ.

"ಕೊಂಬೆ," ಎಂದೆ. ಮುಂದಿನದು ಬಾಯಿಂದ ಬರಲಿಲ್ಲ.